ಕೆಳಗಿನ ಹೆಬ್ಬೆಟ್ಟು

ಮೊಗುಡಂಪಲ್ಲಿಯ ವೈಜಿನಾಥರ ಮನೆಯಲ್ಲಿ ಅತ್ತೆ ಸೊಸೆಯ ಜಗಳ ಹೊಸದಲ್ಲ. ಪ್ರೇಮಲಾ ಆ ಮನೆಗೆ ಬಂದು ಹದಿನಾರು ವರ್ಷ. ಅಷ್ಟೂ ವರ್ಷ ಬೇಳೆಗೆ ಉಪ್ಪು ಹೆಚ್ಚು, ಹಿಟ್ಟಿಗೆ ನೀರು ಕಮ್ಮಿ ಎಂದು ಅತ್ತೆ ಈರಮ್ಮ ಅನ್ನುವುದು, ಇವಳು ಒಂದಕ್ಕೆ ಎರಡು ಸೇರಿಸಿ ತಿರುಗಿ ಅನ್ನುವುದು ನಡೆದೇ ಇತ್ತು. ಮುಂಜಾನೆ ಹತ್ತಿಕೊಂಡ ಜಗಳ ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಆರಿಹೋಗುತ್ತಿತ್ತು. ಆದರೆ ಸೊಸೆ ತಟ್ಟಿದ ರೊಟ್ಟಿಯನ್ನೇ ಈರಮ್ಮ ಒಲ್ಲೆ ಅಂದದ್ದು ಈ ವರ್ಷವೇ, ಅದೂ ಒಂದು ರೇಡಿಯೊದ ಸಲುವಾಗಿ.

ರೇಡಿಯೊ ತಂದವನು ಮಗ ಸಂಜೀವಕುಮಾರ. ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯೊಂದರಲ್ಲಿ ಕೌಂಟರಿಗೆ ನಿಲ್ಲುವವನು. ಸಕ್ಕರೆ ಕಾಯಿಲೆಯಿಂದ ತಾಯಿಯ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಟೀವಿ ಅಂದರೆ ಆಕೆಗೆ ಬರೀ ಬಣ್ಣದ ಓಡಾಟ. ಕೈಗೆ ರೂಢಿಯಿದ್ದ ಅಂಗಳದ ಕಸ, ಎಮ್ಮೆಯ ಮೇವು, ಇಷ್ಟು ಬಿಟ್ಟರೆ ಉಳಿದ ಕೆಲಸ ಆಗುತ್ತಿರಲಿಲ್ಲ. ಹೊತ್ತು ಹೋಗದವರಿಗೆ ಮಂದಿಯ ತಪ್ಪು ಎಣಿಸುವುದೇ ಉದ್ಯೋಗ, ಮತ್ತು ಮನೆಯಲ್ಲಿ ಹಗಲೆಲ್ಲ ಕೈಗೆ ಸಿಗುವ ಮಂದಿ ಅಂದರೆ ಪ್ರೇಮಲಾ ಒಬ್ಬಳೇ.

"ಅವ್ವನ ಕಿವಿಗಿ ಏನರ ಬೇಕು. ಇಲ್ಲಂದ್ರ ಆಕಿ ನಿನ್ನ ತಿಂದು ಹಾಕ್ತಾಳ," ಎಂದು ಸಂಜೀವಕುಮಾರ ಒಂದು ಭಾನುವಾರ ಅಂಗೈಯಗಲದ ಸ್ಪೀಕರ್ ತಂದು, ಹೆಂಡತಿಯ ಫೋನಿನಲ್ಲಿ 'ಅಪ್ನಾ ಧುನ್' ಎಂಬ ಇಂಟರ್ನೆಟ್ ರೇಡಿಯೊ ಇಳಿಸಿದ. ಒಂದು ತಿಂಗಳು ಪುಕ್ಕಟೆ.

"ನನ್ನ ಫೋನೇ ಯಾಕ್ರಿ? ಬ್ಲೌಸಿನ ಡಿಸೈನ್ ಎಲ್ಲಾ ಅದರಾಗೇ ಬರ್ತಾವ," ಪ್ರೇಮಲಾ ತಕರಾರು ತೆಗೆದಳು. ಊರಿನ ಅರ್ಧ ಹೆಂಗಸರ ಬ್ಲೌಸು ಅವಳ ಮಷೀನಿನ ಮೇಲೆಯೇ ಹೊಲಿದದ್ದು.

"ನಂದು ದುಕಾನಿಗಿ ಬೇಕು. ಅಪ್ಪಂದು ಗುಂಡಿ ಫೋನು. ಇನ್ನ ಯಾರದು ಇಡಲಿ?"

ಹೀಗೆ ಪ್ರೇಮಲಾಳ ಫೋನು ಅಡುಗೆಮನೆಯ ಬಾಗಿಲ ಪಕ್ಕದ ಗೂಡಿಗೆ ಹೋಗಿ ಕೂತಿತು. ಸಂಜೀವಕುಮಾರ ತಾಯಿಯ ಬೆರಳು ಹಿಡಿದು ಪರದೆಯ ಮೇಲೆ ಆಡಿಸಿ ತೋರಿಸಿದ.

"ಇದಕ್ಕ ನಾವು ಇಂಥಾ ಪದಾನೇ ಹಾಕು ಅನ್ನಂಗಿಲ್ಲವ್ವ. ಅದೇ ಹಾಕ್ತದ. ಮನಸಿಗಿ ಬಂದ್ರ ಮ್ಯಾಲಿನ ಹೆಬ್ಬಟ್ಟಿನ ಚಿತ್ರ ಒತ್ತೂದು, ಬರಲಿಲ್ಲಂದ್ರ ಕೆಳಗಿನ ಹೆಬ್ಬಟ್ಟು. ಹಂಗೇ ಮಾಡ್ಕೋತ ಹೋದ್ರ ನಿನ್ನ ಮನಸಿನಾಗಿಂದು ಅದಕ್ಕ ತಿಳೀತದ."

"ನಲವತ್ತೈದು ವರ್ಷ ಆತು, ನನಗೇ ತಿಳಿದಿಲ್ಲ," ಅಂದರು ಹೊರಸಿನ ಮೇಲಿದ್ದ ಆಕೆಯ ಗಂಡ ವೈಜಿನಾಥ. "ತಿಂಗಳನಾಗ ಅದಕ್ಕ ತಿಳೀತದಂದ್ರ ನಾ ಅದರ ಕಾಲು ಬೀಳ್ತೀನಿ."

ಮೊದಲ ವಾರ ಮನೆ ತಣ್ಣಗಿತ್ತು. ಹಳೆಯ ಸಿನಿಮಾ ಹಾಡು, ತೆಲುಗು ಹಾಡು, ನಡುನಡುವೆ ಏಕತಾರಿ ಹಿಡಿದು ಹಾಡುವ ತತ್ವಪದ, ಎಲ್ಲವೂ ಬರುತ್ತಿದ್ದವು. ಈರಮ್ಮ ಎಮ್ಮೆಗೆ ಮೇವು ಹಾಕುತ್ತ ತಲೆಯಾಡಿಸುವುದನ್ನು ಪ್ರೇಮಲಾ ಕಿಟಕಿಯಿಂದ ನೋಡಿ ನಕ್ಕಳು. ಎರಡು ದಿನ ಉಪ್ಪಿನ ಸುದ್ದಿಯೇ ಬರಲಿಲ್ಲ.

ತೊಡಕು ಒಂದೇ. ಈರಮ್ಮ ಜಳಕ ಮಾಡುತ್ತಿದ್ದುದು ಕಸ ಮುಸುರೆ ಎಲ್ಲ ಮುಗಿದ ಮೇಲೆ, ಒಂಬತ್ತು ಗಂಟೆಗೆ. ಜಳಕವಾಗಿ, ಹಣೆಗೆ ಈಬತ್ತಿ ಹಚ್ಚಿಕೊಂಡು, ಕೊರಳ ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮಾಡುವ ತನಕ ಶಿವನ ಪದ ಆಕೆಯ ಕಿವಿಗೆ ಬೀಳಬಾರದು. ಕೈಯಲ್ಲಿ ಕಸಬರಿಗೆ ಇದ್ದಾಗ ಬೀಳಬಾರದು. ಉಣ್ಣುವಾಗ, ಕೈ ಮುಸುರೆಯಾಗಿದ್ದಾಗ ಬೀಳಬಾರದು. ಬಿದ್ದರೆ ಪದಕ್ಕೆ ಅಪಮಾನ.

"ಏ ಪ್ರೇಮಲಾ, ದೇವರ ಪದ ಬಂತು! ತಗಿ ಅದು, ಸಿನಿಮಾದ್ದು ಬರ್ಲಿ!" ಎಂದು ಅಂಗಳದಿಂದ ಕೂಗು ಬರುತ್ತಿತ್ತು. ಪ್ರೇಮಲಾ ಹಿಟ್ಟಿನ ಕೈಯ ಕಿರುಬೆರಳಿನಿಂದ ಕೆಳಗಿನ ಹೆಬ್ಬೆಟ್ಟು ಒತ್ತುತ್ತಿದ್ದಳು. ಪದ ಹೋಗಿ ಸಿನಿಮಾ ಬರುತ್ತಿತ್ತು.

"ಲಿಂಗ ಕಟ್ಟಿಕೊಂಡವ್ರಿಗಿ ಮೈಲಿಗಿ ಎಲ್ಲಿಂದು?" ವೈಜಿನಾಥ ಕೆಣಕುತ್ತಿದ್ದರು. "ಶರಣರು ಅದನ್ನೆಲ್ಲ ತಗದು ಒಗದು ಎಂಟುನೂರು ವರ್ಷಾತು."

"ಶರಣರು ಒಗದ್ರು, ನಮ್ಮವ್ವ ಒಗದಿಲ್ಲ. ನೀವು ಚಾ ಕುಡೀರಿ."

ಮೂರನೆಯ ವಾರದ ಒಂದು ಮುಂಜಾನೆ. ಮೊಮ್ಮಗಳು ಶಿರೀಷಾ ಶಾಲೆಗೆ ಹೋಗಿದ್ದಳು, ವೈಜಿನಾಥ ಹೋಟೆಲಿನ ಕಡೆ, ಸಂಜೀವಕುಮಾರ ಅಂಗಡಿಗೆ. ಈರಮ್ಮ ಅಂಗಳ ಗುಡಿಸುತ್ತಿದ್ದಳು, ಪ್ರೇಮಲಾ ಒಲೆಯ ಮುಂದಿದ್ದಳು. ರೇಡಿಯೊದಲ್ಲಿ ಏಕತಾರಿ ಮಿಡಿಯಿತು, ದಮ್ಮಡಿ ಬಡಿಯಿತು.

"ತಗಿ ಅದು, ತಗಿ, ದೇವರದು ಬಂತು!" ಎಂದು ಈರಮ್ಮ ಎಂದಿನಂತೆ ಕೂಗಿದಳು. ಪ್ರೇಮಲಾ ಎಂದಿನಂತೆ ಕೈ ಚಾಚಿದಳು. ಅಷ್ಟರಲ್ಲಿ ಗಂಡುದನಿಯೊಂದು ಎತ್ತಿಕೊಂಡಿತು: "ಎತ್ತು ಮನಿಗಿ ಬಂದಾವ, ಒಕ್ಕಲಿಗ ಬರಲಿಲ್ಲ..."

ಅಂಗಳದಲ್ಲಿ ಕಸಬರಿಗೆ ಬಿದ್ದ ಸಪ್ಪಳ. "ಏ ತಡಿ! ತಡಿ! ನಮ್ಮ ರೇವಪ್ಪ ಅಂವ!"

ಬೆರಳು ಬಿದ್ದಾಗಿತ್ತು. ಆಡಿದ ಮಾತು, ಒಡೆದ ಮುತ್ತು, ಈಗ ಅವುಗಳ ಜೊತೆಗೆ ಒತ್ತಿದ ಗುಂಡಿಯನ್ನೂ ಸೇರಿಸಬೇಕು. ಡೋಲು ಬಡಿಯುತ್ತ ತೆಲುಗು ಹಾಡೊಂದು ಶುರುವಾಯಿತು.

ಈರಮ್ಮ ಗೋಡೆ ಹಿಡಿದು ಒಳಗೆ ಬಂದಳು. "ಹಿಂದಕ ತಿರುಗಸು ಅದನ್ನ."

ಪ್ರೇಮಲಾ ಪರದೆಯ ಮೇಲೆಲ್ಲ ಒತ್ತಿದಳು. ಫೋನಿಗೆ ಹಿಟ್ಟು ಮೆತ್ತಿತು. ಆ ರೇಡಿಯೊಗೆ ಮುಂದಕ್ಕೆ ಹೋಗುವುದು ಬರುತ್ತಿತ್ತೇ ಹೊರತು ಹಿಂದಕ್ಕೆ ಬರುವುದು ಬರುತ್ತಿರಲಿಲ್ಲ.

"ಬರವಲ್ದರಿ ಅತ್ತಿ."

"ಜಳಕ ಮಾಡಿ ಬರ್ತೀನಿ. ಅಷ್ಟ್ರಾಗ ತಗದಿಡು," ಎಂದು ಈರಮ್ಮ ಬಚ್ಚಲಿಗೆ ಓಡಿದಳು. ತಣ್ಣೀರನ್ನೇ ಸುರಿದುಕೊಂಡು, ಒದ್ದೆ ಕೂದಲಲ್ಲಿ, ಹಣೆಯ ತುಂಬ ಈಬತ್ತಿ ಹಚ್ಚಿಕೊಂಡು ಬಂದು ರೇಡಿಯೊದ ಮುಂದೆ ಚಾಪೆ ಹಾಸಿ ಕೂತಳು. ಮಧ್ಯಾಹ್ನದ ತನಕ ಕೂತಳು. ಸಿನಿಮಾ ಹಾಡು ಬಂದವು, ನಗೆಮಾತು ಬಂದವು. ರೇವಪ್ಪ ಬರಲಿಲ್ಲ.

ರೇವಪ್ಪ ಈರಮ್ಮನ ಬೆನ್ನಿಗೆ ಬಿದ್ದ ತಮ್ಮ. ತವರು ಇರುವುದು ಬೀದರ ಜಿಲ್ಲೆಯ ಕಡೆ, ಇಲ್ಲಿಂದ ಹದಿನಾಲ್ಕು ಕಿಲೋಮೀಟರ್, ನಡುವೆ ರಾಜ್ಯದ ಗಡಿ. ಅವನು ಭಜನೆಯಲ್ಲಿ ಎತ್ತಿಕೊಂಡರೆ ಮಲಗಿದ ಮಕ್ಕಳೂ ಎದ್ದು ಬಂದು ಕೂರುತ್ತಿದ್ದವು. ಲಾಕ್‌ಡೌನ್ ವರ್ಷ ಎದೆನೋವು ಬಂದು ಒಂದೇ ದಿನದಲ್ಲಿ ಹೋಗಿಬಿಟ್ಟ. ಸುದ್ದಿ ತಿಳಿದು ಈರಮ್ಮ ಮಗನ ಬೈಕಿನ ಮೇಲೆ ಗಡಿಯ ತನಕ ಹೋದಳು. ಪೊಲೀಸರು ಬಿಡಲಿಲ್ಲ. ಬಿಸಿಲಿನಲ್ಲಿ ಮೂರು ತಾಸು ನಿಂತು ಬೇಡಿಕೊಂಡಳು. ಅಷ್ಟರಲ್ಲಿ ಅಲ್ಲಿ ಅವನನ್ನು ಮಣ್ಣಿಗಿಟ್ಟೂ ಆಗಿತ್ತು. ತಮ್ಮನ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ ಅನ್ನುವುದು ಆಕೆಗೆ ಎದೆಯಲ್ಲಿ ಮುರಿದ ಮುಳ್ಳು. ಆ ಮಾತನ್ನು ಆಕೆ ಎತ್ತುತ್ತಿರಲಿಲ್ಲ, ಮನೆಯಲ್ಲಿ ಬೇರೆ ಯಾರೂ ಎತ್ತುತ್ತಿರಲಿಲ್ಲ.

ಆ ಸಂಜೆ ಎಲ್ಲರೂ ಫೋನಿನ ಸುತ್ತ ಕೂತರು.

"ಸತ್ತಂವ ರೇಡಿಯೊದಾಗ ಹ್ಯಾಂಗ ಬರ್ತಾನ?" ಅಂದರು ವೈಜಿನಾಥ. "ಏಕತಾರಿ ಹಿಡದವ್ರೆಲ್ಲ ಒಂದೇ ನಮೂನಿ ಕೇಳಸ್ತಾರ."

"ನನ್ನ ತಮ್ಮನ ದನಿ ನನಗ ತಿಳಿಯಂಗಿಲ್ಲೇನು? ಹುಮನಾಬಾದದಾಗ ಕ್ಯಾಸೆಟ್ ಮಾಡಿದ್ದ ಅಂವ. ನೀವೇ ಸಂಗಾಟ ಹೋಗಿದ್ರಿ."

ಅದು ಹೌದು. ಆ ಕ್ಯಾಸೆಟ್ಟನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಏರಿಸಿದ್ದಿರಬೇಕು.

ಒಂಬತ್ತನೇ ತರಗತಿಯ ಶಿರೀಷಾ ಅಷ್ಟರಲ್ಲಿ ಫೋನಿನ ಒಳಗೆಲ್ಲೋ ಹೋಗಿ ಒಂದು ಪಟ್ಟಿ ತೆಗೆದಿದ್ದಳು. "ಇಲ್ಲದ ನೋಡ್ರಿ. 'ತತ್ವಪದ, ಭಾಗ ಎರಡು, ವಿವಿಧ ಕಲಾವಿದರು.' ಮುಂದ ಕೆಂಪು ಹೆಬ್ಬಟ್ಟು. ಇಂಥವು ನಲವತ್ತೊಂದು ಅವ. ಆಯಿ, ಈ ರೇಡಿಯೊ ಏನು ತಿಳ್ಕೊಂಡದ ಗೊತ್ತದೇನು? ಈ ಮನ್ಯಾಗ ಶಿವನ ಹೆಸರು ತಗದ್ರ ಆಗಂಗಿಲ್ಲಂತ."

"ಬ್ಯಾಡಂತ ಯಾರಂದ್ರು? ಆಮ್ಯಾಗ ಕೇಳ್ತೀನಿ ಅಂದೆ ನಾ!" ಅಜ್ಜಿ ಗದರಿದಳು.

"ಆಮ್ಯಾಗ ಅನ್ನಾಕ ಅದಕ್ಕ ಗುಂಡಿ ಇಲ್ಲ, ಆಯಿ."

ಶಿರೀಷಾ ನಲವತ್ತೊಂದೂ ಕೆಂಪು ಹೆಬ್ಬೆಟ್ಟು ತೆಗೆದು ಹಸಿರು ಮಾಡಿದಳು. ಆದರೆ ಪಟ್ಟಿಯಲ್ಲಿ ಹೆಸರಿತ್ತೇ ವಿನಾ ಅದನ್ನು ಒತ್ತಿ ಹಾಡಿಸುವ ದಾರಿ ಇರಲಿಲ್ಲ. 'ಈ ಪದ ಮುಂದೆ ಬರಬಹುದು' ಎಂದಷ್ಟೇ ಬರೆದಿತ್ತು. ಯೂಟ್ಯೂಬಿನಲ್ಲಿ ಹುಡುಕಿದಳು. ಅಲ್ಲಿ ಯಾರ್ಯಾರೋ ಹಾಡಿದ್ದರು, ರೇವಪ್ಪ ಇರಲಿಲ್ಲ.

ಈರಮ್ಮ ಎದ್ದು ನಿಂತಳು. ಮಂಜುಗಣ್ಣು ಸರಿಯಾಗಿ ಸೊಸೆ ಇದ್ದ ಕಡೆಗೇ ತಿರುಗಿತ್ತು. "ನಾ ತಡಿ ಅಂದೆ. ತಡಿ ಅಂದ್ರೂ ಒತ್ತಿದ್ದಿ."

"ಮೊದಲ ತಗಿ ಅಂದ್ರಿ, ಅತ್ತಿ. ತಡಿ ಅಂದಿದ್ದು ಆಮ್ಯಾಗ."

"ನನ್ನ ತಮ್ಮನ ಬಾಯಿ ಮುಚ್ಚಿಸಿದ ಕೈ ಅದು. ಆ ಕೈಲಿಂದು ನಾ ಉಣ್ಣಂಗಿಲ್ಲ."

ಪ್ರೇಮಲಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಮದುವೆಯಲ್ಲಿ ರೇವಪ್ಪ ಮಾವ ಹಾಡಿದ್ದು ಅವಳಿಗೂ ನೆನಪಿತ್ತು. ದನಿ ಅವನದೇ. ಅತ್ತೆ ತಗಿ ಅಂದದ್ದೂ ಖರೆ, ತಡಿ ಅಂದದ್ದೂ ಖರೆ. ಇದನ್ನು ಯಾವ ಪಂಚರ ಮುಂದೆ ಇಟ್ಟು ನ್ಯಾಯ ಕೇಳುವುದು?

ಈರಮ್ಮ ಹೇಳಿದಂತೆ ನಡೆದಳು. ಮಾರನೆಯ ದಿನ ತಾನೇ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದಳು. ಹಂಚು ಎಲ್ಲಿ, ಉರಿ ಎಲ್ಲಿ ಎಂದು ಕಾಣದೆ ಮೂರನೇ ರೊಟ್ಟಿಗೆ ಎರಡು ಬೆರಳು ಸುಟ್ಟುಕೊಂಡಳು. ಪ್ರೇಮಲಾ ಓಡಿಬಂದರೆ ಮುಟ್ಟಿಸಿಕೊಳ್ಳಲಿಲ್ಲ. ನಾಲ್ಕು ದಿನ ಶಿರೀಷಾ ಶಾಲೆಗೆ ಹೋಗುವ ಮುಂಚೆ ಅಜ್ಜಿಗೆ ಎರಡು ರೊಟ್ಟಿ ತಟ್ಟಿಟ್ಟು ಹೋದಳು. ಅವು ಭೂಪಟದಂತಿದ್ದವು, ಒಂದು ಕಡೆ ಹಸಿ, ಒಂದು ಕಡೆ ಕರಿ. ಐದನೆಯ ದಿನ ಶಿರೀಷಾ ಶಾಲೆಯಲ್ಲಿ ಪರೀಕ್ಷೆ ಎಂದು ಬೇಗ ಓಡಿದಳು. ಅಂದು ಪ್ರೇಮಲಾ ತಟ್ಟೆ ಇಟ್ಟಾಗ ಈರಮ್ಮ ಉಂಡಳು. ಹಸಿವಿಗೆ ಸೋತಳೇ ಹೊರತು ಸೊಸೆಯನ್ನು ಕ್ಷಮಿಸಿರಲಿಲ್ಲ.

ಆದರೆ ಅಷ್ಟರೊಳಗೆ ಇನ್ನೊಂದು ಶುರುವಾಗಿತ್ತು. ಈರಮ್ಮ ನಸುಕಿನಲ್ಲಿ ಐದಕ್ಕೇ ಎದ್ದು ಜಳಕ ಮಾಡತೊಡಗಿದಳು. ಪೂಜೆ ಮುಗಿಸಿ ಆರಕ್ಕೆ ರೇಡಿಯೊದ ಮುಂದೆ ಕೂತರೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ. ಅಂಗಳದ ಕಸ, ಎಮ್ಮೆಯ ಸಗಣಿ, ಮೇವು ಎಲ್ಲ ಪ್ರೇಮಲಾಳ ಕೊರಳಿಗೆ ಬಿತ್ತು. ಕಸಬರಿಗೆ ಮುಟ್ಟಿದ ಕೈಯಲ್ಲಿ ತಮ್ಮನ ಪದ ಹ್ಯಾಗೆ ಕೇಳುವುದು? ಊಟದ್ದೂ ಅದೇ ಕಥೆ. ಮುಸುರೆ ಕೈಯಲ್ಲಿದ್ದಾಗ ಬಂದುಬಿಟ್ಟರೆ?

"ಕೈ ತೊಳ್ಕೊಂಡ್ರ ಆತು," ಎಂದರು ವೈಜಿನಾಥ.

"ತೊಳ್ಕೊಳ್ಳೂದ್ರಾಗ ಹೋಗಿಬಿಟ್ರ?"

"ರೇಡಿಯೊ ಬಂದ್ ಮಾಡಿ ಉಣ್ಣು."

"ಬಂದ್ ಮಾಡಿದಾಗೇ ಬಂದು ಹೋಗಿಬಿಟ್ರ?"

"ಬಂದ್ ಇದ್ದಾಗ ಅದು ಬರಂಗಿಲ್ಲ ಆಯಿ," ಎಂದು ಶಿರೀಷಾ ಬಿಡಿಸಿ ಹೇಳಿದಳು. ಈರಮ್ಮ ನಂಬಲಿಲ್ಲ. ಆಕೆಯ ಲೆಕ್ಕದಲ್ಲಿ ರೇಡಿಯೊ ಅಂದರೆ ಬಸ್ಸು ಇದ್ದಂತೆ, ನಾವು ನಿಲ್ದಾಣದಲ್ಲಿ ಇದ್ದರೂ ಇಲ್ಲದಿದ್ದರೂ ತನ್ನ ಹೊತ್ತಿಗೆ ಹಾದುಹೋಗುವಂಥದ್ದು.

"ಒಮ್ಮಿ ಬಂದದ. ಊರಿಗಿ ಬಂದಾಕಿ ನೀರಿಗಿ ಬರದೇ ಇರ್ತಾಳೇನು?" ಅನ್ನುತ್ತಿದ್ದಳು. ದಿನಕ್ಕೆ ಒಂದೇ ಊಟ, ಅದೂ ದೀಪ ಹಚ್ಚಿ ರೇಡಿಯೊ ಮುಚ್ಚಿದ ಮೇಲೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ಮುಂಜಾನೆ ತಪ್ಪದೆ ನುಂಗುತ್ತಿದ್ದಳು. ಔಷಧ ದೇವರ ಪ್ರಸಾದದಂತೆ, ಅದಕ್ಕೆ ಮುಸುರೆ ಇಲ್ಲ ಎಂಬುದು ಆಕೆಯ ತೀರ್ಮಾನ.

"ಗುಳಿಗಿ ತಗೊಂಡು ಉಪಾಸ ಇರಬಾರದರಿ ಅತ್ತಿ," ಪ್ರೇಮಲಾ ದಿನಾ ಹೇಳಿದಳು. ಹೇಳಿದ್ದು ಕಲ್ಲಿನ ಮೇಲೆ ಮಳೆ ಸುರಿದಂತಾಯಿತು.

ಫೋನಿಗೆ ಕರೆ ಬಂದರೆ ರೇಡಿಯೊ ನಿಲ್ಲುತ್ತಿತ್ತು. ಅದಕ್ಕೆ ಪ್ರೇಮಲಾಳ ಫೋನಿಗೆ ಕರೆ ಬರಕೂಡದೆಂಬ ಕಟ್ಟಳೆಯಾಯಿತು. ಬ್ಲೌಸಿನ ಗಿರಾಕಿಗಳು ಎರಡು ದಿನ ನೋಡಿ ಬೇರೆಯವರ ಕಡೆ ಹೋದರು. ಬಶೀರಾಬಾದಿನಿಂದ ಅವಳ ತಾಯಿ ವೈಜಿನಾಥರ ಗುಂಡಿ ಫೋನಿಗೆ ಕರೆ ಮಾಡಿ, "ನನ್ನ ಮಗಳು ಜೀವಂತ ಅದಾಳೋ ಇಲ್ಲೋ, ಬೀಗ್ರೇ?" ಎಂದು ಕೇಳಿದಳು.

ಗಂಡನ ಮುಂದೆ ಪ್ರೇಮಲಾ ಅತ್ತಳು. "ಏನರ ಮಾಡ್ರಿ. ಆ ರೇಡಿಯೊದ ಮಂದಿಗಿ ಫೋನ್ ಮಾಡ್ರಿ. ಒಂದು ಪದ ಹಾಕಾಕ ಅವ್ರಿಗೇನು ಕಷ್ಟ?"

ಸಂಜೀವಕುಮಾರ ಊಟದ ಬಿಡುವಿನಲ್ಲಿ ಕರೆ ಮಾಡಿದ. ಅರ್ಧ ತಾಸು ಸಂಗೀತ ಕೇಳಿಸಿ ಕೊನೆಗೊಬ್ಬ ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ಇವನು ಸತ್ತ ಸೋದರಮಾವ, ಮೈಲಿಗೆ, ಹೆಬ್ಬೆಟ್ಟು ಎಲ್ಲ ಹೇಳಿದ. ಆಕೆ ಎಲ್ಲವನ್ನೂ ಬಹಳ ಮರ್ಯಾದೆಯಿಂದ ಕೇಳಿ, ನಮ್ಮಲ್ಲಿ ಬೇಕಾದ ಹಾಡು ಕೇಳಿ ಹಾಕಿಸಿಕೊಳ್ಳುವ ಏರ್ಪಾಡಿಲ್ಲ ಸರ್, ನಿಮ್ಮ ತಾಯಿಯವರ ಇಷ್ಟವನ್ನು ರೇಡಿಯೊ ತಾನೇ ಕಲಿಯುತ್ತದೆ, ದಯವಿಟ್ಟು ಕೇಳುತ್ತಾ ಇರಿ ಅಂದಳು. ಪುಕ್ಕಟೆಯ ತಿಂಗಳು ಮುಗಿಯಿತೆಂದು ನೆನಪಿಸಿದಳು. ಅವನು ದುಡ್ಡು ತುಂಬಿ ಮನೆಗೆ ಬಂದ.

"ಕಲೀತದಂತ. ಕೇಳ್ಕೋತ ಇರ್ರಿ ಅಂತ," ಅಂದ.

"ಕೇಳ್ಕೋತೇ ಇದ್ದೀನಲ್ಲಪ್ಪ," ಎಂದಳು ಚಾಪೆಯ ಮೇಲಿಂದ ಈರಮ್ಮ.

ರೇಡಿಯೊ ಈಗ ದಿನವಿಡೀ ಶಿವನ ಪದಗಳನ್ನೇ ಹಾಕುತ್ತಿತ್ತು. ಕಲಿಯುವುದೇನೋ ಕಲಿತಿತ್ತು. ನೂರಾರು ದನಿ ಬಂದವು, ಒಂದೂ ರೇವಪ್ಪನದಲ್ಲ. ಪ್ರತಿ ಏಕತಾರಿಗೂ ಈರಮ್ಮನ ಬೆನ್ನು ನೆಟ್ಟಗಾಗುವುದು, ದನಿ ಎತ್ತಿದ ಕೂಡಲೆ ಕುಸಿಯುವುದು. ಒಲೆಯ ಮುಂದಿನಿಂದ ಆ ಬೆನ್ನನ್ನು ನೋಡಿ ನೋಡಿ ಪ್ರೇಮಲಾಳೂ ಏಕತಾರಿಯ ಸದ್ದು ಕೇಳಿದರೆ ರೊಟ್ಟಿ ತಟ್ಟುವುದನ್ನು ಬಿಟ್ಟು ದನಿಗೆ ಕಾಯತೊಡಗಿದಳು.

ಒಂದು ಮಂಗಳವಾರ, ಪೇಟೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಅವಳು ಜೀಪು ಹತ್ತಿ ಗಡಿ ದಾಟಿ ಅತ್ತೆಯ ತವರಿಗೆ ಹೋದಳು. ರೇವಪ್ಪನ ಹೆಂಡತಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ನೀರು ಕೊಟ್ಟು, ಎಲ್ಲ ಕೇಳಿಕೊಂಡು, ಮತ್ತೆ ಮೊರ ಎತ್ತಿಕೊಂಡಳು.

"ಕ್ಯಾಸೆಟ್ ಮೂರಿದ್ವು. ಅವರ ಏಕತಾರಿ, ದಮ್ಮಡಿ, ಕ್ಯಾಸೆಟ್ ಎಲ್ಲಾ ಅವರ ಮಗ್ಗಲದಾಗೇ ಇಟ್ಟು ಮಣ್ಣು ಹಾಕಿದ್ವಿ," ಅಂದಳು. "ಮನ್ಯಾಗ ಇಟ್ಕೊಂಡು ನಾ ಹ್ಯಾಂಗ ಇರ್ಲಿ ಅಂದೆ. ಅವರ ಹಾಡು ಅವರ ಸಂಗಾಟ ಹೋಗ್ಲಿ ಅಂದೆ."

"ಫೋನಿನಾಗ ಏನರ?"

"ಅವರಿಗಿ ಫೋನ್ ಎಲ್ಲಿತ್ತವ್ವ." ಮೊರವನ್ನು ಕೆಳಗಿಟ್ಟು ಕೇಳಿದಳು, "ನಿಮ್ಮ ಅತ್ತಿ ಅಷ್ಟು ಜೀವ ಇಟ್ಟಿದ್ರ ಮಣ್ಣಿಗಿ ಯಾಕ ಬರಲಿಲ್ಲ? ಹದಿನಾಕು ಕಿಲೋಮೀಟರ್. ಹೊಲದಾಗ ಹಾಯ್ದು ಬಂದವ್ರೂ ಇದ್ರು."

ಪೊಲೀಸರು ಬಿಡಲಿಲ್ಲ ಎಂದು ಪ್ರೇಮಲಾ ಹೇಳಿದಳು. ಹೇಳುತ್ತಿರುವಾಗಲೇ ಅದು ಎಷ್ಟು ಸಣ್ಣ ಮಾತು ಎಂದು ಅವಳಿಗೇ ಅನ್ನಿಸಿತು. ವಾಪಸು ಬಂದು ಅತ್ತೆಯ ಮುಂದೆ ಈ ಪ್ರಯಾಣದ ಸುದ್ದಿಯನ್ನೇ ಎತ್ತಲಿಲ್ಲ.

ಅದಾಗಿ ಹತ್ತು ದಿನಕ್ಕೆ ಈರಮ್ಮ ಚಾಪೆಯ ಮೇಲಿಂದ ಪಕ್ಕಕ್ಕೆ ವಾಲಿಬಿದ್ದಳು. ಮೈಯೆಲ್ಲ ಬೆವರು, ಕರೆದರೆ ಮಾತಿಲ್ಲ. ಪ್ರೇಮಲಾ ಬಾಯಿಗೆ ಸಕ್ಕರೆ ತುರುಕಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅತ್ತಿ, ನುಂಗ್ರಿ, ನನ್ನಾಣಿ ನುಂಗ್ರಿ," ಎಂದು ಕೆನ್ನೆ ಬಡಿದಳು. ಸಂಜೀವಕುಮಾರ ಇನ್ನೂ ಅಂಗಡಿಗೆ ಹೊರಟಿರಲಿಲ್ಲ. ಆಟೋದಲ್ಲಿ ಜಹೀರಾಬಾದಿನ ದವಾಖಾನೆಗೆ ಕರೆದೊಯ್ದ. ಗುಳಿಗೆ ನುಂಗಿ ಉಪವಾಸವಿದ್ದದ್ದಕ್ಕೆ ಸಕ್ಕರೆ ಪೂರ್ತಿ ಇಳಿದಿದೆ, ಇನ್ನೊಂದು ತಾಸಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರರು ಬೈದರಂತೆ. ಎರಡು ದಿನ ಅಲ್ಲೇ ಇಟ್ಟುಕೊಂಡರು.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಪ್ರೇಮಲಾ ದವಾಖಾನೆಗೆ ಒಯ್ಯಲು ಡಬ್ಬಿಗೆ ಬೇಳೆ ಹಾಕುತ್ತಿದ್ದಳು. ವೈಜಿನಾಥ ಹೊರಸಿನ ಮೇಲೆ ಮಲಗಿದ್ದರು. ಶಿರೀಷಾ ಮುಂಜಾನೆ ಹಚ್ಚಿಹೋದ ರೇಡಿಯೊ ಹಾಗೇ ಹಾಡುತ್ತಿತ್ತು. ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಏಕತಾರಿ ಮಿಡಿಯಿತು. ದಮ್ಮಡಿ ಬಡಿಯಿತು. ರೇವಪ್ಪ ಎತ್ತಿಕೊಂಡ.

ಪ್ರೇಮಲಾಳ ಕೈಯ ಸೌಟು ನಿಂತಲ್ಲೇ ನಿಂತಿತು. ವೈಜಿನಾಥ ಎದ್ದು ಕೂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಮಾವಾರ, ನಿಮ್ಮ ಫೋನ್! ಲಗೂನ ಕೊಡ್ರಿ!"

ಗುಂಡಿ ಫೋನಿನಲ್ಲಿ ಗಂಡನ ನಂಬರು ಒತ್ತಿ, ರೇಡಿಯೊದ ಹತ್ತಿರ ಓಡಿ ನಿಂತಳು. ಗಂಟೆ ಬಾರಿಸುತ್ತಲೇ ಇತ್ತು. ಮೊದಲ ಚರಣ ಮುಗಿಯಿತು. ಎರಡನೆಯ ಸಲ ಒತ್ತಿದ ಮೇಲೆ ಸಂಜೀವಕುಮಾರ ಎತ್ತಿದ.

"ಅತ್ತಿ ಕಿವಿಗಿ ಇಡ್ರಿ ಫೋನ್! ಈಗಿಂದೀಗ ಇಡ್ರಿ!"

"ಅವ್ವಗ ಕಣ್ಣು ತಪಾಸ್ ಮಾಡಾಕ ಒಳಗ ಕರ್ಕೊಂಡು ಹೋಗ್ಯಾರ. ನನಗ ಒಳಗ ಬಿಡವಲ್ರು. ಯಾಕ, ಏನಾತು? ಇಲ್ಲಿ ಗದ್ದಲದಾಗ ಏನೂ ಕೇಳಸವಲ್ದು."

ಅವಳು ಫೋನನ್ನು ಸ್ಪೀಕರಿಗೆ ಹಿಡಿದಳು. "ಹಲೋ? ಹಲೋ?" ಎಂದು ಆ ಕಡೆ ಕೂಗಾಟ. ಮತ್ತೆ ಕಿವಿಗಿಟ್ಟುಕೊಂಡು, "ಬಾಗಲಾ ಬಡೀರಿ, ಅವರನ್ನ ಹೊರಗ ಕರೀರಿ," ಅಂದಳು. "ಡಾಕ್ಟರ್ ಅದಾರ ಒಳಗ, ಹುಚ್ಚಿದ್ದಿ ಏನು?" ಅಂದ ಅವನು. ಇನ್ನೇನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. "ಏನಿಲ್ಲ, ಇಡ್ರಿ," ಎಂದು ಕರೆ ಕಟ್ ಮಾಡಿದಳು. ಪದವನ್ನು ಹಿಡಿದಿಡಲು ಮನೆಯಲ್ಲಿ ಬೇರೆ ಯಂತ್ರವಿರಲಿಲ್ಲ. ಹಾಡುತ್ತಿದ್ದ ಫೋನನ್ನು ಮುಟ್ಟಿದರೆ ಎಲ್ಲಿ ಹಾರಿಹೋಗುತ್ತದೋ ಎಂದು ಮುಟ್ಟಲು ಧೈರ್ಯ ಬರಲಿಲ್ಲ. ಗೂಡಿನ ಮುಂದೆ ಬರಿಗೈಲಿ ನಿಂತು ಕೊನೆಯ ತನಕ ಕೇಳಿದಳು. ಐದೂವರೆ ನಿಮಿಷ ಇದ್ದೀತು. ಮುಗಿಯುವ ಹೊತ್ತಿಗೆ ಅವಳ ಸೆರಗು ತೊಯ್ದಿತ್ತು.

"ಅಂವನೇ ಹೌದು," ಎಂದರು ವೈಜಿನಾಥ. ಟವೆಲಿನಿಂದ ಕಣ್ಣು ಮೂಗು ಎರಡನ್ನೂ ಒರೆಸಿಕೊಂಡರು. "ಆಕಿಗಿ ಇದನ್ನ ಹ್ಯಾಂಗ ಹೇಳ್ತಿ?"

"ನೀವೇ ಹೇಳ್ರಿ ಮಾವಾರ."

"ನನ್ನ ಕೈಲೆ ಆಗಂಗಿಲ್ಲವ್ವ."

ಹೇಳಿದರೆ ಏನಾಗುತ್ತದೆಂದು ಅವಳು ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು. ತಾನಿಲ್ಲದಾಗ ಬಂದು ಹೋದನೆಂದರೆ ಅತ್ತೆ ಇನ್ನು ಆ ಚಾಪೆ ಬಿಟ್ಟು ದವಾಖಾನೆಗೂ ಏಳಲಿಕ್ಕಿಲ್ಲ. ಹೇಳದಿದ್ದರೆ ಬಂದದ್ದನ್ನು ತಾನೊಬ್ಬಳೇ ಉಂಡು ಕೈ ತೊಳೆದಂತೆ. ಜಹೀರಾಬಾದ್ ಬಂದರೂ ಯಾವುದು ಸರಿಯೆಂದು ಬಗೆಹರಿಯಲಿಲ್ಲ. ಫೋನ್ ಯಾಕೆ ಮಾಡಿದ್ದೆ ಎಂದು ಗಂಡ ಕೇಳಿದಾಗ, "ಅತ್ತಿ ಉಂಡ್ರೇನಂತ ಕೇಳಾಕ," ಅಂದಳು. ಅವನಿಗೂ ಸಾಕಾಗಿತ್ತು, ಮತ್ತೆ ಕೆದಕಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಈರಮ್ಮ ಮನೆಗೆ ಬಂದಳು. ಮೂರು ತಾಸಿಗೊಮ್ಮೆ ತಿನ್ನಲೇಬೇಕೆಂದು ಡಾಕ್ಟರರು ಆಣೆ ಹಾಕಿಸಿದಂತೆ ಹೇಳಿ ಕಳಿಸಿದ್ದರು. ಪ್ರೇಮಲಾ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ತಟ್ಟೆಯನ್ನು ಮುಂದಿಟ್ಟಳು. ವೈಜಿನಾಥ, ಸಂಜೀವಕುಮಾರ ಪಕ್ಕದಲ್ಲೇ ಉಣ್ಣಲು ಕೂತಿದ್ದರು. ಈರಮ್ಮ ತಟ್ಟೆಗೆ ಕೈ ಹಾಕಲಿಲ್ಲ. ಗೂಡಿನ ಕಡೆ ಮುಖ ತಿರುಗಿಸಿದಳು.

"ನಾ ದವಾಖಾನ್ಯಾಗ ಇದ್ದಾಗ ರೇಡಿಯೊ ಹಚ್ಚಿದ್ರೇನು?"

"ಹಚ್ಚಿತ್ತರಿ ಅತ್ತಿ."

"ಬಂದಿದ್ನೇನು?"

ವೈಜಿನಾಥ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಟ್ಟೆಯನ್ನೇ ನೋಡುತ್ತ ಕೂತರು.

"ಇಲ್ಲರಿ," ಅಂದಳು ಪ್ರೇಮಲಾ. "ಬರಲಿಲ್ಲ."

ಈರಮ್ಮನ ಮುಖ ಬಾಡಲಿಲ್ಲ. ಎಷ್ಟೋ ವಾರಗಳಿಂದ ಬಿಗಿದುಕೊಂಡಿದ್ದ ಗಲ್ಲ ಸಡಿಲಾಯಿತು. ಹತ್ತಿರ ನಿಂತಿದ್ದ ಸೊಸೆಯ ಕೈಯನ್ನು ತಡಕಿ ಹಿಡಿದುಕೊಂಡಳು. ಈ ರೇಡಿಯೊದ ಗದ್ದಲ ಶುರುವಾದ ಮೇಲೆ ಆಕೆ ಆ ಕೈ ಮುಟ್ಟಿದ್ದು ಅದೇ ಮೊದಲು.

"ನನಗ ಗೊತ್ತಿತ್ತು," ಅಂದಳು. "ನಾ ಇಲ್ಲದಾಗ ಅಂವ ಬರಂಗಿಲ್ಲ. ನನ್ನ ತಮ್ಮ ಅಂಥಂವ ಅಲ್ಲ. ನಾ ಅವನ ಮಣ್ಣಿಗಿ ಹೋಗಲಿಲ್ಲ, ಖರೆ. ಅಂವ ನನ್ನಂಗ ಮಾಡಂಗಿಲ್ಲ." ರೊಟ್ಟಿ ಮುರಿದು ಪಲ್ಯಕ್ಕೆ ಒತ್ತಿ ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. "ಉಪ್ಪು ಬರೋಬರಿ ಅದ. ನಾಳಿ ನಸಕನಾಗ ನೀರು ಕಾಸು. ತಣ್ಣೀರು ಇನ್ನ ನನ್ನ ಕೈಲೆ ಆಗಂಗಿಲ್ಲ."

ಪ್ರೇಮಲಾ ತಲೆಯಾಡಿಸಿದಳು. ಅದು ಅತ್ತೆಗೆ ಕಾಣುವುದಿಲ್ಲ ಎಂದು ಆಮೇಲೆ ನೆನಪಾಗಿ, "ಕಾಸ್ತೀನ್ರಿ ಅತ್ತಿ," ಅಂದಳು.